ಹಗ್ಗ ಬಿಟ್ಟು ಕಾಯುವ ಡಬ್ಬಿ

“ಲಿಫ್ಟು ಬಾವಿ ಕೊಡ ಇದ್ದ ಹಾಗೆ ದೊಡ್ಡಮ್ಮ, ಮೇಲೆ, ಕೆಳಗೆ, ಅಷ್ಟೇ ಅದರ ಪ್ರಪಂಚ. ಗುಡ್ಡದ ಹಳಿ ಮೇಲೆ ಒಂದೇ ಹಗ್ಗದ ಎರಡು ತುದಿಗೆ ಕಟ್ಟಿದ ಗಾಡಿಗಳು ಮುನಿಸ್ಕೊಂಡ ವಾರಗಿತ್ತಿಯರು, ಒಬ್ಬಳು ಇಳಿದರೇನೇ ಇನ್ನೊಬ್ಬಳು ಹತ್ತೋದು. ಹಗ್ಗದಲ್ಲಿ ನೇತಾಡ್ಕೊಂಡು ಗುಡ್ಡ ಹತ್ತೋ ತೂಗುಕುರ್ಚಿಗಂತೂ ಮರ್ಯಾದೆನೇ ಇಲ್ಲ, ಹಿಂದಿನಿಂದ ಬಂದು ಮಂಡಿಗೆ ಬಡಿದು ಎತ್ಕೊಂಡು ಹೋಗುತ್ತೆ. ಜನ ಒಳಗೆ ಕೂರೋ ನಮ್ಮ ಗೊಂಡೋಲಾ ಡಬ್ಬಿ ನೋಡಿ, ದಾರಿಯುದ್ದಕ್ಕೂ ಹಗ್ಗ ಬಿಗಿಯಾಗಿ ಹಿಡ್ಕೊಂಡಿರುತ್ತೆ, ನಿಲ್ದಾಣ ಬಂದ ಕೂಡಲೇ ಹಗ್ಗ ಬಿಟ್ಟು ಮಗು ಥರ ತೆವಳುತ್ತೆ. ಕೈ ಎತ್ತಿದ್ರೆ ಪೂರ್ತಿ ನಿಲ್ಲಿಸ್ತಾರೆ.” ಪಕ್ಕದ ಮನೆಯ ರೋಪ್‌ವೇ ಮೇಸ್ತ್ರಿ ಈ ಪಾಠವನ್ನು ಹಿತ್ತಲ ಗೋಡೆಯಾಚೆಯಿಂದ ನನಗೆ ದಿನಾ ಒಪ್ಪಿಸುತ್ತಾನೆ, ಬೀದಿಗೆಲ್ಲ ಕೇಳುವ ಹಾಗೆ. ಉಕ್ಕಿನ ಹಗ್ಗಕ್ಕೆ ಹತ್ತಿ ಸವರಿ, ಮುರಿದ ಎಳೆಗೆ ಅದು ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡುವುದು ಅವನ ಕೆಲಸ. ಆ ಚಾಳಿ ಎಷ್ಟೆಂದರೆ, ಮನೆಯಲ್ಲಿ ಬಟ್ಟೆ ಒಣಗಿಸುವ ತಂತಿಗೂ ಹತ್ತಿ ಸವರದೆ ಒಂದು ಕರವಸ್ತ್ರ ಹಾಕಲಾರ. “ನಗಬೇಡಿ, ನನ್ನ ಷರಟಿನ ಜೀವ ಇದರ ಮೇಲೇ ನಿಂತಿದೆ,” ಎನ್ನುತ್ತಾನೆ. “ನಾನು ಕಿವುಡಿಯಲ್ಲ ಕಣೋ, ಮೆಲ್ಲಗೆ ಹೇಳು” ಎಂದರೂ ದನಿ ತಗ್ಗಿಸುವುದಿಲ್ಲ. ಪಾಠ ನನಗಲ್ಲ, ಕಿಟಕಿಯೊಳಗಿನ ಅವನ ಹೆಂಡತಿಗೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಎರಡು ವರ್ಷದಿಂದ ಅವಳು ಹೊಸಿಲು ದಾಟಿಲ್ಲ. ರೋಪ್‌ವೇ ಹೋಗುವ ಗುಡ್ಡದ ಮೇಲೆ ಮಗಳು ಇಟ್ಟ ಹೊಲಿಗೆ ಅಂಗಡಿಯನ್ನು ಇನ್ನೂ ಕಣ್ಣಾರೆ ಕಂಡಿಲ್ಲ. ಇವತ್ತು ಬೆಳಿಗ್ಗೆ ಕಿಟಕಿಯಿಂದ ಅವಳ ದನಿ ಬಂತು: “ಕೋಲು ಊರ್ಕೊಂಡು ಹತ್ತೋವರೆಗೂ ಕಾಯುತ್ತೇನ್ರೀ ಆ ಡಬ್ಬಿ?” “ಕೈ ಎತ್ತೋಕೆ ನಾನಿರ್ತೀನಲ್ಲೇ,” ಎಂದ, ಮೊದಲ ಸಲ ಮೆಲ್ಲಗೆ. ಆಮೇಲೆ ತಂತಿಗೆ ಈ ತುದಿಯಿಂದ ಆ ತುದಿಗೆ ಹತ್ತಿ ಸವರಿ, ಅವಳು ಹೊರಗೆ ಹೋಗುವಾಗ ಹೊದೆಯುತ್ತಿದ್ದ ಶಾಲನ್ನು ಚೆನ್ನಾಗಿ ಹಿಂಡಿ ಒಣಹಾಕಿದ.