ಮುತ್ಯಾ ಸುರಿದ ನೀರು

ಮುತ್ಯಾ ಅಂದರೆ ನಮ್ಮ ಅಜ್ಜ. ಅವನ ಎಡಗೈ ಮೊಣಕೈವರೆಗೆ ಸುಟ್ಟು ಸುಕ್ಕುಗಟ್ಟಿತ್ತು. ದಿಲ್‌ಸುಖ್‌ನಗರದ ನಮ್ಮ ತಗಡಿನ ಮನೆಗೆ ಯಾರೇ ಬರಲಿ, ಅದನ್ನು ಚಾಚಿ ತೋರಿಸುತ್ತಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲಬುರಗಿ ಕಡೆಯಿಂದ ಬಂದು, ಹೈದರಾಬಾದಿನ ಹೊರಗೆ ವಿಮಾನ ಇಳಿಯುವ ಪಟ್ಟಿಗೆ ಸಿಮೆಂಟು ಹಾಕುವ ಕೂಲಿಗೆ ನಿಂತಿದ್ದ. ಹೊಸ ಸಿಮೆಂಟು ಬಿರಿಯದೆ ಗಟ್ಟಿಯಾಗಲೆಂದು ಅದಕ್ಕೆ ದಿನಾ ನೀರು ಕುಡಿಸುವುದು ಅವನ ಪಾಲಿನ ಕೆಲಸ. ಅಪ್ಪನೂ ಅದನ್ನೇ ಮಾಡಿದ. ಕಾಲೇಜಿಗೆ ಹೋಗುವ ಮೊದಲು ಮಿಯಾಪುರದ ಸ್ಲ್ಯಾಬುಗಳ ಮೇಲೆ ಪೈಪು ಹಿಡಿದು ನಾನೂ ಮಾಡಿದ್ದೇನೆ.

ಒಂದು ದಿನ ಬಾಂಬು ಹಾಕುವ ವಿಮಾನವೊಂದು ಇಳಿಯಲು ಬಂತು. ಒಂದು ಕಡೆಯ ಗಾಲಿ ಹೊರಬಂದಿರಲಿಲ್ಲ. ರೆಕ್ಕೆ ನೆಲಕ್ಕೆ ಬಡಿದು, ವಿಮಾನ ಗಿರ್ರನೆ ತಿರುಗಿ ಜಲ್ಲಿಯ ರಾಶಿಗೆ ಗುದ್ದಿ ಹೊತ್ತಿಕೊಂಡಿತು. ಮುಂದೆ ಕೂತಿದ್ದ ಇಬ್ಬರು ಬಿಳಿಯರು ಅಲ್ಲೇ ಜಜ್ಜಿಹೋದರು. ನಡುವಿನ ಬಾಗಿಲಲ್ಲಿ ಒಬ್ಬ ಅರ್ಧ ಹೊರಗೆ ಜೋತುಬಿದ್ದಿದ್ದ. ಮುತ್ಯಾ ಅವನ ಕೈ ಹಿಡಿದು ಎಳೆದರೆ ಬೆಂದ ಚರ್ಮ ಕೈಗವಸಿನ ಹಾಗೆ ಕಳಚಿ ಬಂತು. ಕೂದಲು ಹಿಡಿದು ಎಳೆದುಹಾಕಿದ. ತನ್ನ ಕೈ ಸುಟ್ಟುಕೊಂಡದ್ದು ಆಗಲೇ. ಆ ಮನುಷ್ಯ ಬದುಕಿದ.

ಬಂದವರಿಗೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಉಳಿದದ್ದು ಮನೆಯವರಿಗೆ.

ವಿಮಾನದ ಬಾಲದಲ್ಲಿ, ಬಂದೂಕಿನವನು ಕೂರುವ ಗಾಜಿನ ಗೂಡಿನಲ್ಲಿ ಇನ್ನೊಬ್ಬ ಸಿಕ್ಕಿಬಿದ್ದಿದ್ದ. ಮುಖವೆಲ್ಲ ರಕ್ತ. ಚೆಲ್ಲಿದ ಪೆಟ್ರೋಲು ಅವನಿಂದ ಒಂದಷ್ಟು ದೂರದಲ್ಲಿ ಉರಿಯುತ್ತಿತ್ತು. ಅವನು ಅಂಗೈ ಮುಂದೆ ಚಾಚಿ ಮತ್ತೆ ಮತ್ತೆ ಆಡಿಸುತ್ತಿದ್ದ. ಸಿಮೆಂಟಿಗೆಂದು ತುಂಬಿಟ್ಟ ನೀರು ಪಕ್ಕದಲ್ಲೇ ಇತ್ತು. ಮುತ್ಯಾ ಕೊಡಗಟ್ಟಲೆ ಸುರಿದ. ಬೆಂಕಿ ನೀರಿನ ಮೇಲೆ ಹತ್ತಿ ಗೂಡಿಗೇ ಹರಿಯಿತು. ಒಳಗಿನವನ ಕೂದಲು ಹೊತ್ತಿತು, ಬಟ್ಟೆ ಹೊತ್ತಿತು. ಅವನು ತಲೆಯಿಂದ ಗಾಜು ಗುದ್ದುತ್ತಲೇ ಸತ್ತ.

ನಾನು ಬಿ.ಎಸ್ಸಿ. ಪಾಸಾದ ದಿನ ಅವ್ವ ಗಲ್ಲಿಗೆಲ್ಲ ಸಕ್ಕರೆ ಹಂಚಿದಳು. ನಮ್ಮ ಮನೆತನದಲ್ಲಿ ಅದೇ ಮೊದಲ ಪದವಿ. ಈಗಲೂ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮುತ್ಯಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ.

“ಯವ್ವಾ, ಒಂದ್ ಮಾತ್ ಕೇಳ್ತೀನಿ, ಖರೇ ಹೇಳಬೇಕ್ ನೋಡ್. ಅವತ್ತ ನಾ ನೀರ್ ಹಾಕಿದ್ದು ಛಲೋ ಆತೋ, ಕೆಟ್ಟಾತೋ?”

“ಮತ್ತ ಶುರು ಹಚ್ಚಿದ್ರೇನ್ರಿ ಮಾವಾರ?” ಒಲೆಯ ಮುಂದಿನಿಂದ ಅವ್ವ ಕೂಗಿದಳು. “ಒಬ್ಬನ್ನ ಉಳಿಸೀರಿ, ಪುಣ್ಯಾ ಬಂದೈತಿ. ಸಕ್ಕರಿ ತಿನ್ರಿ.”

“ನೀ ಸುಮ್ಕಿರವಾ. ಪುಣ್ಯಾದ ಮಾತ ಊರೆಲ್ಲಾ ಹೇಳೈತಿ. ನಾ ಓದಿದಾಕಿನ್ನ ಕೇಳಾಕತ್ತೀನಿ.”

ಪೆಟ್ರೋಲಿನ ಬೆಂಕಿಗೆ ನೀರು ಹಾಕಬಾರದು, ಮರಳು ಹಾಕಬೇಕೆಂದು ಮೊದಲ ವರ್ಷದ ಲ್ಯಾಬಿನಲ್ಲೇ ಕಲಿಸಿದ್ದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಕೆಟ್ಟಾತು ಮುತ್ಯಾ. ಪೆಟ್ರೋಲ್ ನೀರಿನ ಮ್ಯಾಲೆ ತೇಲ್ತೈತಿ. ನೀರ್ ಹರದಲ್ಲಿ ಬೆಂಕೀನೂ ಹರೀತೈತಿ. ಉಸುಕ್ ಹಾಕಬೇಕಿತ್ತು.”

“ಉಸುಕ್ ಬಾಜೂಕ ಇತ್ತಲ್ಲವಾ. ಗುಡ್ಡದಂಗ ಬಿದ್ದಿತ್ತು.”

ಸುಟ್ಟ ಕೈಯೆತ್ತಿ, ಅಂಗೈ ನನ್ನ ಕಡೆಗೆ ಮಾಡಿ ಆಡಿಸಿದ. “ಆಂವ ಹಿಂಗ್ ಮಾಡ್ತಿದ್ದ. ಲಗೂ ಹಾಕ್, ಲಗೂ ಹಾಕ್ ಅಂತ ತಿಳದ್ನಿ ನಾ. ಬ್ಯಾಡ ಅನ್ನಾಕತ್ತಿದ್ನೇನು?”

“ಹಂಗ ಇರಬೇಕು ಮುತ್ಯಾ.”

“ಮುದುಕನ ಹೊಟ್ಟಿ ಸುಡಾಕ ಓದಿದೇನ ನೀ?” ಅವ್ವ ಸೌಟು ಹಿಡಿದೇ ನನ್ನ ಮೇಲೆ ಬಂದಳು.

“ಬೈಬ್ಯಾಡ ಆಕಿಗೆ,” ಅಂದ ಮುತ್ಯಾ. “ಇದಕ್ಕಂತನ ಓದಿಸೀನಿ.” ಅದೇ ಕೈಯಿಂದ ನನ್ನ ಬಾಯಿಗೆ ಸಕ್ಕರೆ ಹಾಕಿದ.

ಅಂದಿನಿಂದ ಮನೆಗೆ ಯಾರೇ ಬಂದರೂ ಎಡಗೈಯನ್ನು ಧೋತರದ ಮಡಿಕೆಯೊಳಗೆ ಇಟ್ಟುಕೊಂಡೇ ಕೂರುತ್ತಿದ್ದ.