ಮಗ್ಗದ ಮೇಲಿನ ತಂತಿ

ನಮ್ಮ ಗಜೇಂದ್ರಗಡದ ಓಣಿಗೆ ಆಗ ವಿದ್ಯುತ್ ದೀಪ ಹೊಸದು. ನಮ್ಮ ಮನೆಗೆ ತಂತಿ ಎಳೆದ ಕರೆಂಟಿನವನು ಬಂದಾಗಲೆಲ್ಲ, ಗೋಡೆಯ ಮೇಲೆ ತಂತಿ ಕೂರಿಸಿದ್ದ ಮರದ ತಂತಿಪಟ್ಟಿಗೆ ಕೈಯ ಹಿಂಬದಿ ಒತ್ತಿ, "ಬಿಸಿ ಆಗತೈತೇನ್ರಿ ಅಕ್ಕಾರ?" ಎನ್ನುತ್ತಿದ್ದ.

ಒಮ್ಮೆ ಮಗ್ಗದ ಮೇಲೆ ಹಾದಿದ್ದ ದೀಪದ ಅಲ್ಯೂಮಿನಿಯಂ ತಂತಿ ತುಂಡಾಯಿತು. ನಮ್ಮ ಯಜಮಾನರು ಹರಿದ ಎಳೆ ಕೂಡಿಸುವಂತೆ ಅದನ್ನೂ ಹೊಸೆದು, ನೂಲು ಸುತ್ತಿದ್ದರು. ಕರೆಂಟಿನವನು ಬಂದು ನೋಡಿದವನೇ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡ.

"ಲಗ್ನದ ಸೀರಿ ಇವತ್ತ ಮುಗಿಸಬೇಕಲೇ, ದೀಪ ಹಚ್ಚು!" ಎಂದರು ಯಜಮಾನರು.

"ಇದು ನೂಲಲ್ರಿ ಮಾಲಕರ. ಗಂಟು ಸಡಲಾತಂದ್ರ ಕಾದು ಬೆಂಕಿ ಹತ್ತತೈತಿ. ಹೊಸಾ ತಂತಿ ಹಾಕೂತನಾ ಫ್ಯೂಜು ಕೊಡಾಂಗಿಲ್ಲ."

ಸುತ್ತಿದ್ದ ನೂಲು ಬಿಚ್ಚಿ ತೋರಿಸಿದ. ಒಳಗೆಲ್ಲ ಸುಟ್ಟು ಕರಿಯಾಗಿತ್ತು. ಅದರ ಕೆಳಗೇ ಮಗಳ ತೊಟ್ಟಿಲು. ಯಜಮಾನರು ಕಂದೀಲು ಹಚ್ಚಿದರು. ಸೀರೆ ಅದರ ಬೆಳಕಿನಲ್ಲೇ ಮುಗಿಯಿತು.

ಅಂದಿನಿಂದ ಅವರು ಮಗ್ಗದ ಕುಣಿಗೆ ಇಳಿಯುವ ಮುನ್ನ ಶಿವನಿಗೆ ಕೈಮುಗಿದು, ತಂತಿಪಟ್ಟಿಗೆ ಕೈಯ ಹಿಂಬದಿ ಒತ್ತುತ್ತಿದ್ದರು. "ತಣ್ಣಗೈತಿ" ಎಂದರೆ ನಾನು ಮಗಳ ಹೆಸರಲ್ಲಿ ಶಿವನಿಗೆ ಇನ್ನೊಮ್ಮೆ ಕೈಮುಗಿಯುತ್ತಿದ್ದೆ.