ಬಿಳಿ ಕಾರೋ ನೀಲಿ ಕಾರೋ

ನನ್ನ ಗಂಡ ಬಸ್ ಡ್ರೈವರ್ ಆಗಿದ್ದವರು. ಹೊನ್ನಾಳಿಯಿಂದ ಹೊರಡುವ ಸರ್ಕಾರಿ ಬಸ್ಸುಗಳನ್ನು ಮೀಸೆ ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೂ ಓಡಿಸಿದರು. ನಿವೃತ್ತರಾದ ವಾರದಲ್ಲೇ, ಊಟಕ್ಕೆ ಕೂತಿದ್ದಾಗ, ರೊಟ್ಟಿ ಮುರಿಯುತ್ತಾ ಹೇಳಿದರು: "ಊರು ಮಂದೀನೆಲ್ಲ ಹೊತ್ಕಂಡು ತಿರುಗಿದ್ದು ಸಾಕು. ಇನ್ನ ಮ್ಯಾಲೆ ನಮ್ಮನ್ನ ನಾವೇ ಕರ್ಕಂಡು ಹೋಗಾಣ. ಒಂದು ಕಾರು ತಗಳಾಣ ಕಣೇ."

ನನಗೂ ಬೇಕಾಗಿತ್ತು. ನಮ್ಮ ಸಂಸಾರ ಒಂದೇ ಊರಿನಲ್ಲಿ ಇರಲಿಲ್ಲ. ಮನೆ ಹೊನ್ನಾಳಿಯಲ್ಲಿ, ನಾನು ಗಣಿತ ಪಾಠ ಮಾಡುವ ಹೈಸ್ಕೂಲು ನ್ಯಾಮತಿಯಲ್ಲಿ. ಒಬ್ಬಳೇ ಮಗಳನ್ನು ಚನ್ನಗಿರಿಗೆ ಕೊಟ್ಟಿದ್ದೆವು. ನಮ್ಮವರ ಅಕ್ಕ ಜಗಳೂರಿನಲ್ಲಿ, ಮಕ್ಕಳು ಸೊಸೆಯಂದಿರು ಕುರಿ ಮೆಕ್ಕೆಜೋಳ ಅಂತ ಒಂದು ಗಳಿಗೆ ಕೂರದ ಹೆಂಗಸು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿ ಬೆಳೆಸಿದವರು ಅವರೇ. ಹಬ್ಬಕ್ಕೋ ನಾಮಕರಣಕ್ಕೋ ಹೊರಟರೆ ನಾವು ಎರಡು ಬಸ್ಸು ಬದಲಾಯಿಸಬೇಕಿತ್ತು. ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂತರೆ ನಮ್ಮವರಿಗೆ ಸಮಾಧಾನವೇ ಇರುತ್ತಿರಲಿಲ್ಲ. ತಿರುವು ಬಂದಾಗಲೆಲ್ಲ ಬಲಗಾಲಿನಿಂದ ನೆಲವನ್ನು ಒತ್ತುತ್ತಾ, "ಬ್ರೇಕು ಹಿಡೀಬೇಕಿತ್ತು ಈಗ" ಎಂದು ಗೊಣಗುತ್ತಿದ್ದರು.

ಮಗಳಿಗೆ ಫೋನಿನಲ್ಲಿ ತಿಳಿಸಿದಾಗ ಅವಳು ನಕ್ಕಳು. "ಹಿಂದೆ ಡಿಕ್ಕಿ ಇರೋ ಉದ್ದನೇ ಕಾರಾ? ಈಗ ಯಾರು ತಗಂತಾರೆ ಅಪ್ಪಾಜಿ ಅದನ್ನ? ಎಲ್ರೂ ಎತ್ತರದ್ದು ತಗಂತಾರೆ."

"ನಾನು ಎತ್ತರಕ್ಕೆ ಕೂತು ಕೂತು ಸಾಕಾಗೈತವ್ವ. ಲಾರಿಯೋರ್ನ, ಬಸ್ಸಿನೋರ್ನ ಸರಿಸಮಕ್ಕೆ ನೋಡೋದೇ ಆತು. ಒಂದ್ಸಲನಾದ್ರೂ ನೆಲಕ್ಕೆ ಹತ್ರ ಕೂತು ಓಡಿಸ್ಬೇಕು."

ತಿಂಗಳುಗಟ್ಟಲೆ ಮೊಬೈಲಿನಲ್ಲಿ ನೋಡಿ, ಪರಿಚಯದ ಮೆಕ್ಯಾನಿಕ್‌ಗಳನ್ನೆಲ್ಲ ಕೇಳಿ, ಕೊನೆಗೆ ಎರಡಕ್ಕೆ ಬಂದು ನಿಂತರು. ಒಂದು ಶಿವಮೊಗ್ಗದ ಶೋರೂಮಿನಲ್ಲಿದ್ದ ಬಿಳಿ ಕಾರು. ಇನ್ನೊಂದು ದಾವಣಗೆರೆಯಲ್ಲಿದ್ದ ನೀಲಿ ಕಾರು. ಉದ್ದ ಅಗಲ ಹೆಚ್ಚುಕಮ್ಮಿ ಒಂದೇ. ಬಿಳಿಯದಕ್ಕೆ ಗೇರು ಇತ್ತು; ನೀಲಿಯದು ಆಟೋಮ್ಯಾಟಿಕ್. ಹಾಗಾಗಿ ನೀಲಿಯದನ್ನು ಅವರು ಪಟ್ಟಿಗೆ ಸೇರಿಸಿದ್ದೇ ನನ್ನ ಬಾಯಿ ಮುಚ್ಚಿಸಲು. ಅದರ ಸೀಟಿನ ಬಟ್ಟೆ ನನಗೆ ಹಿಡಿಸಿತ್ತು.

"ಗೇರಿಲ್ದೆ ಇದ್ರೆ ಅದೊಂದು ಗಾಡಿನಾ? ಆಟದ ಸಾಮಾನು ಅದು," ಎನ್ನುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಶಿವಮೊಗ್ಗಕ್ಕೆ ಹೋದೆವು. ಶೋರೂಮಿನವನು ಪಕ್ಕದಲ್ಲಿ ಕೂತ, ನಾನು ಹಿಂದೆ. ನಮ್ಮವರು ಕಾರನ್ನು ಸವಳಂಗದ ರಸ್ತೆಗೆ ತಿರುಗಿಸಿದರು. ಅವರ ಕುತ್ತಿಗೆ, ಭುಜ, ಸ್ಟೇರಿಂಗ್ ಹಿಡಿದ ರೀತಿ ನೋಡುತ್ತಾ ನನಗೆ ಹೆಮ್ಮೆಯಾಯಿತು. ಬಸ್ಸಿನ ಗಾಜಿನ ಹಿಂದೆ ಕಾಣುತ್ತಿದ್ದ ಮನುಷ್ಯ ಈಗ ಕೈಗೆಟಕುವಷ್ಟು ಹತ್ತಿರ ಕೂತಿದ್ದರು.

ಒಂದು ಹಂಪಿನ ಹತ್ತಿರ ನಿಧಾನ ಮಾಡಿದಾಗ ಗೇರು ಕರಕರ ಅಂದಿತು. ಕಾರು ಎರಡು ಸಲ ಕುಪ್ಪಳಿಸಿ ನಿಂತುಬಿಟ್ಟಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಸ್ಟಾರ್ಟ್ ಮಾಡಿದರು, ಮತ್ತೆ ನಿಂತಿತು.

"ಹೊಸಾ ಗಾಡಿ ಅಲ್ವಾ ಸಾರ್, ಕ್ಲಚ್ಚು ಸ್ವಲ್ಪ ಟೈಟ್ ಇರ್ತದೆ," ಎಂದ ಶೋರೂಮಿನವನು.

"ಹೂಂ, ಟೈಟೈತೆ," ಎಂದರು ನಮ್ಮವರು.

ಆಗ ನಾನು ಹಿಂದಿನಿಂದ ಕಂಡೆ. ಅವರು ಎಡಗೈಯನ್ನು ಗೇರಿನಿಂದ ತೆಗೆದು, ತಮ್ಮ ಎಡತೊಡೆಯ ಕೆಳಗೆ ಹಾಕಿ, ಕಾಲನ್ನು ಎತ್ತಿ ಕ್ಲಚ್ಚಿನ ಮೇಲೆ ಇಟ್ಟರು. ಚೀಲವೊಂದನ್ನು ಎತ್ತಿಡುವ ಹಾಗೆ. ಇಷ್ಟು ವರ್ಷ ಬಸ್ಸಿನ ಕ್ಲಚ್ಚು ತುಳಿದ ಕಾಲು ಅದು. ಹೇಗೋ ಕಾರನ್ನು ತಿರುಗಿಸಿ ತಂದರು. ಶೋರೂಮಿನ ಮುಂದೆ ಇಳಿಯುವಾಗ ಎಡಗಾಲಿನ ಚಪ್ಪಲಿ ಕಾರಿನ ಒಳಗೇ ಉಳಿಯಿತು. ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಹೋದವರಿಗೆ ಅದು ಗೊತ್ತೇ ಆಗಿರಲಿಲ್ಲ.

ವಾಪಸು ಬಸ್ಸಿನಲ್ಲಿ ಕೇಳಿದೆ: "ಕಾಲಿಗೆ ಏನಾಗೈತ್ರೀ?"

"ಏನೂ ಇಲ್ಲ. ಜೋಮು ಹಿಡ್ದಿತ್ತು." ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ಆ ನೀಲಿದನ್ನೂ ಒಂದ್ಸಲ ನೋಡ್ಕಂಡು ಬರಾಣ."

ಜೋಮು ಎಂದಿದ್ದನ್ನು ನಂಬುತ್ತಿದ್ದೆನೇನೋ, ಆದರೆ ಗೇರಿಲ್ಲದ ಗಾಡಿಯನ್ನು ಅವರು ತಾವಾಗಿ ಕೇಳಿದ್ದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ದಾವಣಗೆರೆಗೆ ಹೋಗಲು ನಾನು ಒಂದು ಷರತ್ತು ಹಾಕಿದೆ: ಮೊದಲು ಕಾಲು ತೋರಿಸಬೇಕು, ಆಮೇಲೆ ಕಾರು. ಅವರು ಅದನ್ನು ತಿರುಗಿಸಿದರು, ಮೊದಲು ಕಾರು. ನಾನೂ ಒಪ್ಪಿದೆ. ನೀಲಿ ಕಾರನ್ನು ಅವರು ಜಗಳೂರು ರಸ್ತೆಯಲ್ಲಿ ಬಹಳ ದೂರ ಓಡಿಸಿದರು. ಎಡಗಾಲನ್ನು ಸುಮ್ಮನೆ ಮೂಲೆಗೆ ಒರಗಿಸಿಟ್ಟಿದ್ದರು. ಬಲಗಾಲೊಂದರಿಂದಲೇ ಕಾರು ನೀರಿನ ಮೇಲೆ ಹೋದಂತೆ ಹೋಯಿತು. ಶೋರೂಮಿನ ಹೆಣ್ಣುಮಗಳು, ನಮ್ಮ ಮಗಳಿಗಿಂತ ಸ್ವಲ್ಪ ದೊಡ್ಡವಳು, "ಎಷ್ಟು ಚೆನ್ನಾಗಿ ಓಡಿಸ್ತೀರಿ ಸಾರ್!" ಎಂದಳು. ಅದು ವ್ಯಾಪಾರದ ಮಾತಾಗಿರಲಿಲ್ಲ.

ಇಳಿದ ಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. "ಹೆಂಗನಿಸ್ತು?" ಎಂದೆ.

"ಚೆನ್ನಾಗೈತೆ. ತಾನೇ ಓಡ್ತೈತೆ. ಇದಕ್ಕೆ ನಾನು ಬೇಕಾಗೇ ಇಲ್ಲ."

ಸಂಜೆ ನರಗಳ ಡಾಕ್ಟರ ಹತ್ತಿರ ಹೋದೆವು. ಅವರು ಸುತ್ತಿಗೆಯಿಂದ ಮಂಡಿ ತಟ್ಟಿದರು, ಪಾದ ಮೇಲೆತ್ತಿ ಎಂದರು, ನಾಲಿಗೆ ಚಾಚಿ ಎಂದರು. ಅಂಗಿ ಬಿಚ್ಚಿಸಿ ಭುಜದ ಮಾಂಸವನ್ನು ಬಹಳ ಹೊತ್ತು ಸುಮ್ಮನೆ ನೋಡಿದರು. ಅಲ್ಲಿ ಚರ್ಮದ ಕೆಳಗೆ ಏನೋ ಹರಿದಾಡುತ್ತಿದೆಯೇನೋ ಎಂಬಂತೆ ಸಣ್ಣಗೆ ಅದುರುತ್ತಿತ್ತು. ಸೂಜಿ ಚುಚ್ಚಿ ಮಾಡುವ ಪರೀಕ್ಷೆ ಆಗಿ, ಮತ್ತೊಮ್ಮೆ ಹೋದಾಗ, ಡಾಕ್ಟರು ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡರು. ಮಾಂಸಖಂಡಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ಸ್ವಲ್ಪ ನಿಧಾನ ಮಾಡಲು ಮಾತ್ರೆ ಇದೆ, ನಿಲ್ಲಿಸಲು ಯಾವುದೂ ಇಲ್ಲ, ಬುದ್ಧಿಗೆ ಹೆಚ್ಚಾಗಿ ಏನೂ ಆಗುವುದಿಲ್ಲ, ಎಲ್ಲವೂ ತಿಳಿಯುತ್ತಿರುತ್ತದೆ ಎಂದರು.

ನಮ್ಮವರು ಕೇಳಿದ್ದು ಒಂದೇ: "ಬಲಗಾಲು ಎಷ್ಟು ದಿನ ಇರ್ತೈತೆ ಡಾಕ್ಟ್ರೇ?"

"ಹೇಳೋಕಾಗಲ್ಲ. ಯಾಕೆ ಬಲಗಾಲು?"

ಅವರು ಕುರ್ಚಿ ಹಿಡಿದು ಎದ್ದರು. ಯಾಕೆಂದು ನನಗೆ ಗೊತ್ತಿತ್ತು.

ಇಂಥ ಮನೆಯಲ್ಲಿ ಕಾರಿನ ಮಾತು ಅಲ್ಲಿಗೆ ಮುಗಿಯಿತೆಂದು ಯಾರಾದರೂ ಅಂದುಕೊಳ್ಳಬಹುದು. ಆಗಿದ್ದು ತಿರುಗಾಮುರುಗಾ. ಬೆಳಿಗ್ಗೆ ಕಾಫಿಗೆ ಕೂತರೆ ಕಾರು, ರಾತ್ರಿ ಮಲಗುವಾಗ ಕಾರು. ನೀಲಿಯದರ ಹಿಂದಿನ ಬಾಗಿಲು ಇನ್ನೂ ಸ್ವಲ್ಪ ಅಗಲ ತೆರೆಯುತ್ತದಂತೆ. ಬಿಳಿಯದರ ಡಿಕ್ಕಿಯಲ್ಲಿ ಮಡಿಚಿದ ಗಾಲಿಕುರ್ಚಿ ಹಿಡಿಸುತ್ತದಂತೆ. ಗಾಲಿಕುರ್ಚಿ ಎಂಬ ಮಾತು ನಮ್ಮ ಮನೆಯೊಳಗೆ ಮೊದಲು ಬಂದಿದ್ದೇ ಡಿಕ್ಕಿಯ ಅಳತೆಯ ನೆಪದಲ್ಲಿ. ನನಗೆ ಸಿಟ್ಟು ಬರುತ್ತಿತ್ತು. ಆದರೆ ಕಾರಿನ ಮಾತಾಡುವಾಗ ಮಾತ್ರ ಅವರು "ಬರೋ ವರ್ಷ" ಎನ್ನುತ್ತಿದ್ದರು. ಬೇರೆ ಯಾವ ವಿಷಯಕ್ಕೂ ಆ ಮಾತು ಬರುತ್ತಿರಲಿಲ್ಲ. ಅದಕ್ಕೇ ನಾನೂ ಸೇರಿಕೊಂಡು, ಬಿಳಿಯದರ ಪರ ಒಂದು ದಿನ, ನೀಲಿಯದರ ಪರ ಒಂದು ದಿನ ವಾದ ಮಾಡುತ್ತಿದ್ದೆ.

ಮಗಳು ಚನ್ನಗಿರಿಯಿಂದ ಬಂದವಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅಮ್ಮಾ, ಹುಚ್ಚು ಹಿಡ್ದೈತಾ ನಿಂಗೆ? ಯಾರು ಓಡಿಸ್ತಾರೆ ಅದನ್ನ?"

"ನಾನು ಕಲೀತೀನಿ."

"ನೀನಾ? ಸೈಕಲ್ ಹೊಡ್ಯಾಕೆ ಬರಲ್ಲ ನಿಂಗೆ!" ಎಂದವಳು, ಅಲ್ಲೇ ಸಿಂಕಿನ ಮೇಲೆ ಬಾಗಿ ಅಳತೊಡಗಿದಳು. ಒಳಗಿನ ಕೋಣೆಗೆ ಕೇಳಿಸದಿರಲಿ ಎಂದು ನಾನು ನಲ್ಲಿ ಬಿಟ್ಟೆ.

ಕಲಿತೆ. ಶಾಲೆ ಮುಗಿಸಿ ಬಂದು, ಡ್ರೈವಿಂಗ್ ಸ್ಕೂಲಿನ ಸಣ್ಣ ಕಾರಿನಲ್ಲಿ ತುಂಗಭದ್ರೆಯ ಸೇತುವೆಯ ಆಚೆಗೆ ಹೋಗಿ ಬರುತ್ತಿದ್ದೆ. ಐವತ್ತು ದಾಟಿದ ಟೀಚರು ಕಾರು ಕಲಿಯುವುದನ್ನು ನೋಡಿ ನನ್ನ ಹಳೇ ವಿದ್ಯಾರ್ಥಿಗಳು ರಸ್ತೆಯಲ್ಲಿ ನಗುತ್ತಿದ್ದರು. ಮನೆಗೆ ಬಂದರೆ ನಮ್ಮವರು ಎಲ್ಲವನ್ನೂ ಕೇಳುತ್ತಿದ್ದರು. ಯಾವ ತಿರುವಿನಲ್ಲಿ ಯಾವ ಗೇರು, ಕನ್ನಡಿ ನೋಡಿದೆನೋ ಇಲ್ಲವೋ. ಆ ಹೊತ್ತಿಗೆ ಅವರ ಎರಡೂ ಕಾಲು ಹೋಗಿದ್ದವು. ಬಲಗೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಮಾತು ದಪ್ಪವಾಗಿ, ಅರ್ಧ ನುಂಗಿದ ಹಾಗೆ ಬರುತ್ತಿತ್ತು.

ನನಗೆ ಲೈಸೆನ್ಸ್ ಬಂದ ಮೇಲೆ ಒಂದು ಬಾಡಿಗೆ ವ್ಯಾನು ಮಾಡಿಕೊಂಡು ದಾವಣಗೆರೆಗೆ ಹೋದೆವು. ಈ ಸಲ ಅವರು ಕೂತು ನೋಡಬೇಕಿದ್ದದ್ದು ಹಿಂದಿನ ಸೀಟಿನಲ್ಲಿ. ಅದೇ ಹೆಣ್ಣುಮಗಳು ಬಾಗಿಲಿಗೆ ಬಂದಳು. ಗಾಲಿಕುರ್ಚಿಯಲ್ಲಿದ್ದವರನ್ನು ಮೊದಲು ಗುರುತಿಸಲಿಲ್ಲ. ಗುರುತಿಸಿದ ಮೇಲೆ ಅವಳ ಮುಖದಲ್ಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಾಗೇ ನಿಂತುಬಿಟ್ಟಿತು.

ವ್ಯಾನಿನ ಡ್ರೈವರೂ ನಾನೂ ಸೇರಿ ಅವರನ್ನು ನೀಲಿ ಕಾರಿನ ಹಿಂದಿನ ಸೀಟಿಗೆ ಕೂರಿಸಿದೆವು. ಕೂತರು. ಕೈಯ ಹಿಂಬದಿಯಿಂದ ಸೀಟಿನ ಬಟ್ಟೆಯನ್ನು ಸವರಿದರು. ಮುಖದಲ್ಲಿ ಒಂದು ಕಳೆ ಬಂತು. ಏನೋ ಹೇಳಿದರು, ಬಾಗಿ ಕೇಳಿದೆ: "ನೀನು ಮುಂದೆ ಕೂರು." ನಾನು ಸ್ಟೇರಿಂಗಿನ ಹಿಂದೆ ಕೂತೆ. ಕನ್ನಡಿಯಲ್ಲಿ ಅವರ ಕಣ್ಣು ಕಂಡಿತು. ಕಾರು ನಿಂತಲ್ಲೇ ಇತ್ತು. ಹೀಗೇ ಜಗಳೂರಿಗೆ ಹೋಗಬಹುದು ಎನಿಸಿತು.

ಇಳಿಸುವಾಗ ಆಗಲಿಲ್ಲ. ಸೀಟು ಅಷ್ಟು ತಗ್ಗಿನಲ್ಲಿತ್ತು. ಎಳೆದರೆ ಭುಜ ನೋಯುತ್ತಿತ್ತು, ತಳ್ಳಿದರೆ ತಲೆ ಬಾಗಿಲಿನ ಚೌಕಟ್ಟಿಗೆ ತಾಗುತ್ತಿತ್ತು. ಶೋರೂಮಿನ ಗಂಡಸರು ಓಡಿ ಬಂದರು. ಒಬ್ಬ ಆ ಕಡೆಯ ಬಾಗಿಲಿನಿಂದ ಒಳಗೆ ನುಗ್ಗಿ ಸೊಂಟ ಹಿಡಿದ, ಇಬ್ಬರು ಈ ಕಡೆಯಿಂದ ಕಂಕುಳಿಗೆ ಕೈ ಹಾಕಿದರು. ಪಂಚೆ ಸರಿದುಹೋಯಿತು. ಕಾರು ನೋಡಲು ಬಂದಿದ್ದ ಒಂದು ಸಂಸಾರ ಬೇರೆ ಕಡೆ ಮುಖ ತಿರುಗಿಸಿತು. ನಮ್ಮವರು ಕಣ್ಣು ಮುಚ್ಚಿಕೊಂಡಿದ್ದರು. ಹಣೆಯ ಮೇಲೆ ಬಾಗಿಲು ತಾಗಿದ ಕೆಂಪು ಗೆರೆ ಎದ್ದಿತ್ತು.

ಯಾವುದನ್ನು ಬುಕ್ ಮಾಡುತ್ತೀರಿ ಎಂದು ಆ ಹೆಣ್ಣುಮಗಳು ಕೇಳಲಿಲ್ಲ. ವ್ಯಾನಿನವರೆಗೂ ಬಂದು, ಅವರ ಪಂಚೆಯ ಅಂಚನ್ನು ಒಳಗೆ ಸೇರಿಸಿ ಬಾಗಿಲು ಹಾಕಿದಳು.

ದಾರಿಯಲ್ಲಿ ನಾನೇ ಹೇಳಿದೆ, "ಬಿಳಿದೂ ಅಷ್ಟೇ ತಗ್ಗು ಇರ್ತೈತೇನೋ. ಮಗಳು ಹೇಳ್ದಂಗೆ ಎತ್ತರದ್ದು ನೋಡಾಣ್ರೀ." ಅವರು ತಲೆ ಅಲ್ಲಾಡಿಸಿದರು. ಬೇಡ ಎಂದೋ ಸಾಕು ಎಂದೋ ನನಗೆ ಅರ್ಥವಾಗಲಿಲ್ಲ. ಮತ್ತೆ ಅವರು ಕಾರಿನ ಮಾತೆತ್ತಲಿಲ್ಲ. ನಾನು ಎತ್ತಿದರೆ ಗೋಡೆಯ ಕಡೆ ನೋಡುತ್ತಿದ್ದರು. ಅದರ ಜೊತೆಗೇ ನಮ್ಮ ಮನೆಯಿಂದ "ಬರೋ ವರ್ಷ" ಎಂಬ ಮಾತೂ ಹೋಯಿತು.

ಅಕ್ಕ ಜಗಳೂರಿನಿಂದ ಬಸ್ಸಿನಲ್ಲಿ ಬಂದು ನಮ್ಮಲ್ಲೇ ಉಳಿದರು. ತಮ್ಮ ಸಣ್ಣವನಿದ್ದಾಗ ಮಾಡಿದ್ದನ್ನೆಲ್ಲ ಮತ್ತೆ ಮಾಡಿದರು. ಮೈ ಒರೆಸುವುದು, ಗಂಜಿಯನ್ನು ಚಮಚದಲ್ಲಿ ಕುಡಿಸುವುದು, ಕೆಮ್ಮು ಬಂದರೆ ಬೆನ್ನು ಸವರುವುದು. "ನುಂಗೋ ತಮ್ಮಾ, ಇನ್ನೊಂದು ಗುಟುಕು ನುಂಗೋ," ಎಂದು ಬೇಡಿಕೊಳ್ಳುತ್ತಿದ್ದರು. ಒಂದು ದಿನ ನನ್ನ ಹತ್ತಿರ ಹೇಳಿದರು: "ದೇವ್ರಿಗೆ ನಾನು ಏನೂ ಕೇಳಲ್ಲ ಕಣವ್ವ ಇನ್ನ. ಅವನಿಗೆ ಕಿವಿ ಇಲ್ಲ."

ನಮ್ಮವರು ಹೋಗಿದ್ದು ಮಧ್ಯಾಹ್ನದ ಹೊತ್ತು. ನಾನು ನ್ಯಾಮತಿಯಲ್ಲಿ ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಅಕ್ಕನ ಫೋನು ಬಂತು. "ಉಸಿರು ಎಳೀತಾ ಐತೆ, ಬಾ," ಎಂದರು. ರಸ್ತೆಗೆ ಓಡಿ ಬಂದಾಗ ಹೊನ್ನಾಳಿಯ ಬಸ್ಸು ನಿಂತಿತ್ತು, ಹತ್ತಿದೆ. ಅದು ಪ್ರತಿ ಹಳ್ಳಿಯ ಮುಂದೆ ನಿಂತಿತು. ಮೇವಿನ ಹೊರೆ ಇಳಿಸುವವರೆಗೂ ನಿಂತಿತು, ಕೈಯಾಡಿಸಿದ ಮುದುಕಿ ನಡೆದು ಬರುವವರೆಗೂ ನಿಂತಿತು. ಡ್ರೈವರಿಗೆ ಹೇಳಬಹುದಿತ್ತು, ನಮ್ಮವರ ಗುರುತಿನವನೇ. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಕೂತೇ ಇದ್ದೆ. ಕಂಡಕ್ಟರ್ ಟಿಕೆಟ್ ಕೊಟ್ಟು ಮುಂದೆ ಹೋದ. ನಾನು ಮನೆ ಮುಟ್ಟಿದಾಗ ಅಕ್ಕ ಅವರ ಗದ್ದಕ್ಕೆ ಬಟ್ಟೆ ಕಟ್ಟುತ್ತಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕನನ್ನು ಬಿಟ್ಟು ಬರಲು ಜಗಳೂರಿಗೆ ಹೋದೆ. ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತು, ಬಿಸಿಲಲ್ಲಿ ಒಣಗಿ ನಿಂತ ಮೆಕ್ಕೆಜೋಳದ ದಂಟುಗಳನ್ನು ನೋಡುತ್ತಿದ್ದರು. ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು.

"ಕಡೀಗೆ ಯಾವುದು ತಗಬೇಕು ಅಂತಿದ್ದನವ್ವ ಅವ್ನು? ಬಿಳಿದೋ ನೀಲಿದೋ?"

"ಗೊತ್ತಿಲ್ಲ ಅಕ್ಕ," ಎಂದೆ.

"ನಿಂಗೂ ಹೇಳ್ಲಿಲ್ವಾ?"

"ಇಲ್ಲ."

ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಹೊರಗೆ ನೋಡಿದರು. ಬಸ್ಸು ಮುಂದಿನ ಹಳ್ಳಿಯಲ್ಲಿ ನಿಂತು, ಜನ ಹತ್ತಿ, ಹೊರಟಿತು.